ಸೀಮಿತ ಮುದ್ರಣದ ಗುಪ್ತವಿದ್ಯಾ ಗ್ರಂಥಗಳು: ನನ್ನ ಸಂಗ್ರಹದ ಅನುಭವ

ಪುಸ್ತಕದೊಳಗೆ ಎಲ್ಲಾದರೂ ಪ್ರತಿಸಂಖ್ಯೆಯನ್ನು (ಅದು ಎಷ್ಟನೆಯ ಪ್ರತಿ ಎಂಬುದನ್ನು) ಕೈಬರಹದಲ್ಲಿ ನಮೂದಿಸಿದ್ದರೆ ಅದು ಅಪರೂಪದ ಪುಸ್ತಕವೇ ಸರಿ ಎಂದು ನಂಬುವವರ ದುಡ್ಡಿನಿಂದ ಈ ಮಾರುಕಟ್ಟೆಯ ಅರ್ಧ ಭಾಗ ನಡೆಯುತ್ತದೆ. ಎಷ್ಟು ಪ್ರತಿ ಅಚ್ಚು ಹಾಕಬೇಕೆಂಬುದು ಪ್ರಕಾಶಕನ ನಿರ್ಧಾರ. ಅವುಗಳಲ್ಲಿ ಎಷ್ಟು ಉಳಿದವು, ಯಾವ ಸ್ಥಿತಿಯಲ್ಲಿ ಉಳಿದವು ಎಂಬುದು ಬೇರೆಯೇ ಪ್ರಶ್ನೆ. ಉದ್ಯೋಗದ ನಿಮಿತ್ತ ಲಂಡನ್ನಿಗೆ ಬಂದು ನೆಲೆಸಿದ ಮೇಲೆ, ಸೆಸಿಲ್ ಕೋರ್ಟಿನ ವಾಟ್ಕಿನ್ಸ್ ಮತ್ತು ಮ್ಯೂಸಿಯಂ ಸ್ಟ್ರೀಟಿನಲ್ಲಿ 1922ರಿಂದ ನಡೆಯುತ್ತಿರುವ ಅಟ್ಲಾಂಟಿಸ್ ಪುಸ್ತಕದಂಗಡಿಗಳ ಕಪಾಟುಗಳ ಮುಂದೆ ನಿಂತು ನಿಂತು, ಈ ಎರಡನ್ನೂ ಬೇರ್ಪಡಿಸಿ ನೋಡುವ ಅಭ್ಯಾಸ ನನಗಾಯಿತು. ನಾನು ಮಂತ್ರಸಾಧಕನಲ್ಲ; ನನ್ನನ್ನು ಸೆಳೆದದ್ದು ಈ ಪುಸ್ತಕಗಳ ಮುದ್ರಣ ಚರಿತ್ರೆ.

ಗುಪ್ತವಿದ್ಯೆ ಎಂಬ ಹೆಸರಿನಡಿ ಜರ್ಮನ್ ವಿದ್ವಾಂಸ ಅಗ್ರಿಪ್ಪನ 1533ರ ಗ್ರಂಥದಿಂದ ಹಿಡಿದು ಮೊನ್ನೆ ಅಚ್ಚಾದ ಪುಸ್ತಕದವರೆಗೆ ಎಲ್ಲವೂ ಬರುವುದರಿಂದ, ಕ್ಷೇತ್ರವನ್ನು ಕಿರಿದು ಮಾಡಿಕೊಳ್ಳದೆ ಸಂಗ್ರಹ ಸಾಧ್ಯವಿಲ್ಲ. 1888ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ, ಮಾಂತ್ರಿಕ ವಿಧಿಗಳನ್ನು ಗುಟ್ಟಾಗಿ ಅಭ್ಯಾಸ ಮಾಡುತ್ತಿದ್ದ ಗೋಲ್ಡನ್ ಡಾನ್ ಸಂಘದ ಸುತ್ತಲಿನ ಗ್ರಂಥಗಳನ್ನಷ್ಟೇ ನಾನು ಆರಿಸಿಕೊಂಡೆ. ಆ ಸಂಘದ ಸ್ಥಾಪಕರಲ್ಲೊಬ್ಬನಾದ ಮ್ಯಾಥರ್ಸ್, ಲ್ಯಾಟಿನ್ ಮೂಲದಿಂದ ಅನುವಾದಿಸಿ 1887ರಲ್ಲಿ ಪ್ರಕಟಿಸಿದ ಕಬ್ಬಾಲಾ (ಯಹೂದಿ ಗೂಢವಿದ್ಯೆ) ಗ್ರಂಥ, 1889ರ ಸಾಲೊಮನ್ನನ ಕೀಲಿಕೈ ಮತ್ತು 1898ರ ಅಬ್ರಾಮೆಲಿನ್ ಎಂಬ ಮಂತ್ರಗ್ರಂಥಗಳು, ಬಳಿಕ ಅದೇ ಸಂಘದಲ್ಲಿದ್ದ ಅಲಿಸ್ಟರ್ ಕ್ರೌಲಿ 1909ರಿಂದ 1913ರವರೆಗೆ ವರ್ಷಕ್ಕೆ ಎರಡರಂತೆ ಹೊರತಂದ ‘ಈಕ್ವಿನಾಕ್ಸ್’ ಪತ್ರಿಕೆಯ ಹತ್ತು ಸಂಪುಟಗಳು, ಕೊನೆಗೆ ಷಿಕಾಗೋದಲ್ಲಿ 1937ರಿಂದ 1940ರ ನಡುವೆ ಅಚ್ಚಾಗಿ ಸಂಘದ ವಿಧಿಗಳನ್ನೆಲ್ಲ ಬಯಲು ಮಾಡಿದ, ಹಿಂದೆ ಕ್ರೌಲಿಯ ಕಾರ್ಯದರ್ಶಿಯಾಗಿದ್ದ ರೆಗಾರ್ಡಿಯ ನಾಲ್ಕು ಸಂಪುಟಗಳು: ನನ್ನ ಗಡಿ ಇಷ್ಟೇ. ಹೀಗೆ ಗಡಿ ಹಾಕಿಕೊಂಡರೆ ಪ್ರತಿಯೊಂದು ಪುಸ್ತಕವೂ ಮತ್ತೊಂದನ್ನು ವಿವರಿಸತೊಡಗುತ್ತದೆ. ಉದಾಹರಣೆಗೆ, ಈಕ್ವಿನಾಕ್ಸ್‌ನ ಮೂರನೆಯ ಸಂಪುಟದಲ್ಲಿ ಸಂಘದ ಗುಪ್ತವಿಧಿಗಳು ಅಚ್ಚಾಗುವುದನ್ನು ತಡೆಯಲು ಮ್ಯಾಥರ್ಸ್ 1910ರಲ್ಲಿ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿದ್ದ. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಈ ಸಂಗತಿ ತಿಳಿದ ಮೇಲೆ ಆ ಸಂಪುಟವನ್ನು ಬಿಡಿಯಾಗಿ ಕಂಡರೂ ಬಿಡಬಾರದೆನಿಸಿತು. ಕವಿ ಯೇಟ್ಸ್ ಈ ಸಂಘದ ಸದಸ್ಯನಾಗಿದ್ದುದರಿಂದ ಸಾಹಿತ್ಯದ ಸಂಗ್ರಾಹಕರೂ ಇಲ್ಲಿ ಪೈಪೋಟಿಗೆ ಬರುತ್ತಾರೆ ಎಂಬುದು ಜೇಬಿಗೆ ಸಂಬಂಧಪಟ್ಟ ವಿಷಯ.

ನನ್ನ ಸಂಗ್ರಹದಲ್ಲಿ ನನಗೆ ಅತಿ ಪ್ರಿಯವಾದದ್ದು ಭೂತಗಳನ್ನು ಆವಾಹಿಸುವ ವಿಧಿಗಳಿರುವ ‘ಗೊಯೆಟಿಯ’ ಎಂಬ ಒಂದೇ ಗ್ರಂಥದ ಬೇರೆ ಬೇರೆ ಜನ್ಮಗಳು. ಅನುವಾದದ ಶ್ರಮ ಮ್ಯಾಥರ್ಸನದು. ಅದಕ್ಕೆ ತನ್ನ ಮುನ್ನುಡಿ ಸೇರಿಸಿ 1904ರಲ್ಲಿ ಪ್ರಕಟಿಸಿದವನು ಕ್ರೌಲಿ. 1916ರಲ್ಲಿ ಷಿಕಾಗೋದ ಡಿ ಲಾರೆನ್ಸ್ ಎಂಬ, ಅಂಚೆಯ ಮೂಲಕ ಪುಸ್ತಕ ಮಾರುತ್ತಿದ್ದ ವ್ಯಾಪಾರಿ ಅದನ್ನೇ ಕದ್ದು ತನ್ನ ಹೆಸರು ಹಾಕಿಕೊಂಡು ಮಾರಿದ. 1976ರಲ್ಲಿ, ಲೆಡ್ ಜೆಪೆಲಿನ್ ತಂಡದ ಜಿಮ್ಮಿ ಪೇಜ್ ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ ನಡೆಸುತ್ತಿದ್ದ ಪುಸ್ತಕದಂಗಡಿ 1904ರ ಪುಸ್ತಕದ ಯಥಾಪ್ರತಿಯನ್ನು ಹೊರತಂದಿತು. ಇಂದು ಆ ಯಥಾಪ್ರತಿಗೂ ಸಂಗ್ರಾಹಕರಿದ್ದಾರೆ. ಡಿ ಲಾರೆನ್ಸನ ಪುಸ್ತಕಗಳನ್ನು ಕಳ್ಳಮುದ್ರಣವೆಂದು ಇಲ್ಲಿನ ಹಿರಿಯ ಸಂಗ್ರಾಹಕರು ಮುಟ್ಟುವುದೂ ಇಲ್ಲ. ನನಗೆ ಆ ತಿರಸ್ಕಾರ ಒಪ್ಪಿಗೆಯಿಲ್ಲ. ಹಿಂದೂ ಮಂತ್ರವಿದ್ಯೆಯ ಮಹಾಗ್ರಂಥವೆಂದು ಆತ ಮಾರಿದ ದಪ್ಪ ಹೊತ್ತಗೆಯ ಬಹುಭಾಗ ಫ್ರಾನ್ಸಿಸ್ ಬ್ಯಾರೆಟ್ಟನ 1801ರ ‘ದಿ ಮೇಗಸ್’ನಿಂದ ಎತ್ತಿದ್ದು, ಅಂಥದೊಂದು ಪ್ರತಿಯನ್ನು ನಾನು ಕೊಂಡದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಿಂದ. ಲಂಡನ್ನಿನಲ್ಲಿ ಅಚ್ಚಾದ ಯುರೋಪಿನ ಮಾಟದ ಗ್ರಂಥವೊಂದು ಅಮೆರಿಕದಲ್ಲಿ ಭಾರತೀಯ ವೇಷ ತೊಟ್ಟು ಭಾರತಕ್ಕೇ ಬಂದು ಬಿದ್ದಿರುವುದನ್ನು ನೋಡಿದರೆ, ಅದು ಕಳ್ಳಮುದ್ರಣವೆಂಬ ಕಾರಣಕ್ಕೇ ಉಳಿಸಿಕೊಳ್ಳಬೇಕೆನಿಸುತ್ತದೆ.

ಕೊಳ್ಳುವ ಮೊದಲು ನಾನು ನೋಡುವ ಕ್ರಮವನ್ನು ಹೇಳುತ್ತೇನೆ. ಮೊದಲು ಚಿತ್ರಪುಟಗಳ ಎಣಿಕೆ. ‘ಮೇಗಸ್’ನ ಮೊದಲ ಮುದ್ರಣದಲ್ಲಿ ಕೈಯಿಂದ ಬಣ್ಣ ತುಂಬಿದ ಭೂತಗಳ ಮುಖಚಿತ್ರಗಳಿವೆ, ಇಂಥವನ್ನು ಚೌಕಟ್ಟು ಹಾಕಿ ಮಾರಲೆಂದು ಕತ್ತರಿಸಿ ತೆಗೆಯುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆದ್ದರಿಂದ ಗ್ರಂಥಾಲಯದ ವಿವರಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹಾಳೆಯನ್ನು ತಾಳೆ ನೋಡುತ್ತೇನೆ. ಆಮೇಲೆ ಪುಸ್ತಕದ ಬೆನ್ನು: ಈಕ್ವಿನಾಕ್ಸ್‌ನಂಥ ದಪ್ಪ ಸಂಪುಟಗಳ ಕಾಗದದ ಬೆನ್ನು ತೆರೆದಾಗಲೆಲ್ಲ ಬಿರಿಯುತ್ತದೆ, ತೀರಾ ಹೊಸದಾಗಿ ಹೊಳೆಯುವ ಬೆನ್ನು ಕಂಡರೆ ರಿಪೇರಿಯಾಗಿದೆಯೇ ಎಂದು ಮಾರುವವರನ್ನು ನೇರವಾಗಿ ಕೇಳಬೇಕು. ಮೂಲ ರಟ್ಟನ್ನು ಕಿತ್ತು ಚರ್ಮದ ಹೊಸ ರಟ್ಟು ಹಾಕಿಸಿದ ಪ್ರತಿ ಕಣ್ಣಿಗೆ ಚೆನ್ನಾಗಿ ಕಂಡರೂ ನನ್ನ ಲೆಕ್ಕದಲ್ಲಿ ಕಡಿಮೆಯದೇ. ಒಡೆತನದ ಚೀಟಿ, ಹಳೆಯ ಸಹಿ, ಅಂಚಿನ ಟಿಪ್ಪಣಿಗಳು ಬೇರೆ ಪುಸ್ತಕಗಳಲ್ಲಿ ಕಳಂಕವೆನಿಸಬಹುದು. ಇಲ್ಲಿ ಅವೇ ಬಂಡವಾಳ, ಏಕೆಂದರೆ ವಿಧಿಯನ್ನು ಮಾಡಿ ನೋಡಿದ ಸಾಧಕನೊಬ್ಬನ ಪೆನ್ಸಿಲ್ ಗುರುತು ಅಚ್ಚಾದ ಪುಟಕ್ಕಿಂತ ಹೆಚ್ಚು ಹೇಳುತ್ತದೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಶುಲ್ಕವೇ ಸುಮಾರು ಕಾಲುಭಾಗ ಸೇರುತ್ತದೆ. ಅದನ್ನು ಕಳೆದು ನನ್ನ ಮಿತಿಯನ್ನು ಮನೆಯಲ್ಲೇ ಬರೆದಿಟ್ಟುಕೊಂಡು ಹೋಗುತ್ತೇನೆ.

ಭವಿಷ್ಯ ಹೇಳುವ ಟ್ಯಾರೋ ಎಲೆಗಳ ಕುರಿತ ಕ್ರೌಲಿಯ ‘ಬುಕ್ ಆಫ್ ಥಾತ್’ 1944ರಲ್ಲಿ, ಯುದ್ಧದ ನಡುವೆ, 200 ಪ್ರತಿಗಳಷ್ಟೇ, ಆತನ ಸಹಿಯೊಂದಿಗೆ ಹೊರಬಂತು. ಸಂಖ್ಯೆಗೂ ಬೇಡಿಕೆಗೂ ಇಲ್ಲಿ ನಿಜವಾದ ಸಂಬಂಧವಿದೆ. ಅದರ ಬೆಲೆ ನನ್ನಂಥ ಸಂಬಳದವನಿಗೆ ನಿಲುಕುವುದಿಲ್ಲ. ಈ ಮಾದರಿಯನ್ನೇ ಇಂದಿನ ಸಣ್ಣ ಪ್ರಕಾಶನಗಳು ಹಿಡಿದಿವೆ. 1992ರಲ್ಲಿ ಆರಂಭವಾದ ಫಲ್ಗರ್, 2007ರ ಸ್ಕಾರ್ಲೆಟ್ ಇಂಪ್ರಿಂಟ್ ಮೊದಲಾದವು ಒಳ್ಳೆಯ ಕಾಗದ, ಗಟ್ಟಿ ಹೊಲಿಗೆ, ಮೇಕೆ ಚರ್ಮದ ರಟ್ಟುಗಳಿಂದ ಪುಸ್ತಕವನ್ನೇ ಒಂದು ಪೂಜಾವಸ್ತುವಾಗಿ ರೂಪಿಸುತ್ತವೆ. ಸ್ಕಾರ್ಲೆಟ್‌ನವರು ಅದೇ ಪಠ್ಯವನ್ನು ಅಗ್ಗದ ಕಾಗದದ ರಟ್ಟಿನಲ್ಲೂ ಕೊಡುವುದು ನನಗೆ ಮೆಚ್ಚುಗೆಯಾದ ಸಂಗತಿ: ಓದುವವನು ಓದಿಕೊಳ್ಳಲಿ, ಚರ್ಮ ಬೇಕಾದವನು ಚರ್ಮಕ್ಕೆ ದುಡ್ಡು ಕೊಡಲಿ. ಆದರೆ ಮುಂಗಡ ಮಾರಾಟದಲ್ಲೇ ಮುಗಿದ ಪುಸ್ತಕವನ್ನು ದುಪ್ಪಟ್ಟು ಬೆಲೆಗೆ ಮರುಮಾರುವವರಿಂದ ನಾನು ಕೊಳ್ಳುವುದಿಲ್ಲ. ಕೆಲವು ವರ್ಷ ಕಾದರೆ ಅವುಗಳಲ್ಲಿ ಬಹಳಷ್ಟು ಮೊದಲ ಬೆಲೆಗೇ ಸಿಗುತ್ತವೆ.

ಊರಲ್ಲಿದ್ದುಕೊಂಡೇ ಇದನ್ನು ಆರಂಭಿಸಬಯಸುವವರು ಕೇಳಿದರೆ, ಥಿಯಾಸಫಿ ಚಳವಳಿಯ ಪುಸ್ತಕಗಳಿಂದ ಶುರುಮಾಡಿ ಎನ್ನುತ್ತೇನೆ. ಅದರ ಸ್ಥಾಪಕರಲ್ಲೊಬ್ಬಳಾದ ಬ್ಲಾವಟ್‌ಸ್ಕಿಯ 1877 ಮತ್ತು 1888ರ ಮೊದಲ ಮುದ್ರಣಗಳು ದುರ್ಲಭವೇ; ಆದರೆ ಥಿಯಾಸಫಿ ಸಂಸ್ಥೆಯ ನೆಲೆಯಾದ ಚೆನ್ನೈನ ಅಡ್ಯಾರಿನಲ್ಲಿ ಅಚ್ಚಾದ ಹಳೆಯ ಪುಸ್ತಕಗಳು ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಕಪಾಟಿನಿಂದ ಇಂದಿಗೂ ಹೊರಬರುತ್ತವೆ. ಅಲ್ಲಿ ವೈರಿ ತೇವ. ಮಳೆಗಾಲದಲ್ಲಿ ಕಂದು ಚುಕ್ಕೆ, ಬೂಷ್ಟು, ಗೆದ್ದಲು ಮೂರೂ ಒಟ್ಟಿಗೆ ಬರುತ್ತವಾದ್ದರಿಂದ, ಕಪಾಟನ್ನು ಹೊರಗೋಡೆಗೆ ತಾಗಿಸದೆ, ಗಾಳಿಯಾಡುವಂತೆ ಇಟ್ಟು, ತೇವಾಂಶವನ್ನು ಶೇ 50ರ ಆಸುಪಾಸಿನಲ್ಲಿ ಹಿಡಿಯಬೇಕು. ಲಂಡನ್ನಿನ ನನ್ನ ಮನೆಯಲ್ಲಿ ತೊಂದರೆ ತಿರುಗುಮುರುಗು: ಚಳಿಗಾಲದಲ್ಲಿ ಮನೆ ಕಾಯಿಸುವ ಯಂತ್ರ ಗಾಳಿಯನ್ನು ಒಣಗಿಸುತ್ತದೆ, ಕರುವಿನ ತೊಗಲಿನ ರಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಾಗಾಗಿ ತೊಗಲಿನ ರಟ್ಟಿನ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ಮಲಗಿಸಿಡುತ್ತೇನೆ. ಮುಟ್ಟುವಾಗ ಕೈಗವಸು ಹಾಕುವುದಿಲ್ಲ. ತೊಳೆದು ಒರೆಸಿದ ಬರಿಗೈಗೆ ಹಾಳೆಯ ಅಂಚು ಚೆನ್ನಾಗಿ ತಿಳಿಯುತ್ತದೆ ಎಂಬುದನ್ನು ದೊಡ್ಡ ಗ್ರಂಥಾಲಯಗಳೂ ಹೇಳುತ್ತವೆ. ಪ್ರತಿ ಪುಸ್ತಕಕ್ಕೂ ಒಂದು ಲಕೋಟೆ ಇಟ್ಟಿದ್ದೇನೆ: ರಸೀದಿ, ಹರಾಜಿನ ಪಟ್ಟಿಯ ಪುಟ, ಹಿಂದಿನ ಒಡೆಯರ ವಿವರ, ರಿಪೇರಿ ಮಾಡಿಸಿದ್ದರೆ ಅದರ ಟಿಪ್ಪಣಿ, ಎಲ್ಲವೂ ಅದರಲ್ಲಿ. 1904ರ ಗೊಯೆಟಿಯಕ್ಕೂ ಒಂದು ಲಕೋಟೆ ಇದೆ; ಕಳೆದ ಕೆಲವು ಹರಾಜುಗಳಲ್ಲಿ ಅದು ಮಾರಾಟವಾದ ಬೆಲೆಗಳನ್ನು ಅದರಲ್ಲಿ ಬರೆದಿಡುತ್ತಿದ್ದೇನೆ, ಪುಸ್ತಕ ಮಾತ್ರ ಇನ್ನೂ ಬಂದಿಲ್ಲ.