ಗುದನಾಳದ ಕೀಹೋಲ್ ಆಪರೇಷನ್: ಮನೆಯವರು ಏನೇನು ನೋಡಿಕೊಳ್ಳಬೇಕು

ತೂತು ಚಿಕ್ಕದು ಅಂತ ಆಪರೇಷನ್ನೂ ಚಿಕ್ಕದು ಅಂದುಕೊಳ್ಳಬೇಡಿ. ಹೊಟ್ಟೆ ಮೇಲೆ ನಾಲ್ಕೈದು ತೂತು ಮಾಡಿ, ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸಿ, ಕ್ಯಾಮೆರಾದಲ್ಲಿ ನೋಡುತ್ತಾ ಗುದನಾಳವನ್ನು ಬಿಡಿಸಿ ತೆಗೆಯುತ್ತಾರೆ. ಕ್ಯಾನ್ಸರ್ ಆಗಿದ್ದರೆ ಸುತ್ತಲಿನ ಕೊಬ್ಬು, ಅದರೊಳಗಿನ ದುಗ್ಧಗ್ರಂಥಿಗಳೂ (ಲಿಂಫ್ ನೋಡ್) ಜೊತೆಗೇ ಹೋಗುತ್ತವೆ.

ಮೊದಲು ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ: ಕರುಳನ್ನು ಮತ್ತೆ ಜೋಡಿಸುತ್ತೀರಾ, ಇಲ್ವಾ? ಗೆಡ್ಡೆ ತೀರಾ ಕೆಳಗಿದ್ದರೆ ಗುದದ್ವಾರವನ್ನೂ ತೆಗೆದು, ಹೊಟ್ಟೆ ಮೇಲೆ ಮಲ ಸೇರುವ ಶಾಶ್ವತ ಬ್ಯಾಗ್ ಹಾಕಬೇಕಾಗಬಹುದು. ಜೋಡಿಸಿದರೂ ಆ ಹೊಲಿಗೆ ಮಾಗಲಿ ಅಂತ ಎಷ್ಟೋ ಸಲ ಸಣ್ಣ ಕರುಳಿನ ಬಾಯನ್ನು ಕೆಲವು ತಿಂಗಳು ಹೊಟ್ಟೆ ಮೇಲೆ ತಂದಿಟ್ಟು, ಅದಕ್ಕೆ ಬ್ಯಾಗ್ ಹಾಕುತ್ತಾರೆ.

ಬ್ಯಾಗ್ ಬರುವ ಜಾಗಕ್ಕೆ ಮೊದಲೇ ಗುರುತು ಹಾಕಿಸಿ. ನಿಂತು, ಕೂತು, ಬಗ್ಗಿ ನೋಡಿಯೇ ಹಾಕಿಸಿ. ನಮ್ಮ ಅತ್ತೆಗೆ ಮಲಗಿಸಿ ಗುರುತು ಹಾಕಿದ್ದರು. ಎದ್ದು ಕೂತರೆ ಅದು ಹೊಟ್ಟೆಯ ಮಡಿಕೆಯೊಳಗೆ, ಸೀರೆ ನೆರಿಗೆ ಸಿಕ್ಕಿಸುವ ಜಾಗದಲ್ಲೇ! ಹೇಳಿ ಬದಲಾಯಿಸಿಕೊಂಡೆವು.

ಆಪರೇಷನ್ ಆದ ಮೇಲೆ ಭುಜ ನೋಯಬಹುದು. ಅದು ಹೊಟ್ಟೆಗೆ ತುಂಬಿದ ಗ್ಯಾಸಿನ ಕೆಲಸ, ಸಾಮಾನ್ಯವಾಗಿ ಕೆಲವು ದಿನದಲ್ಲಿ ಹೋಗುತ್ತದೆ. ಡಾಕ್ಟರು ಸರಿ ಅಂದ ಕೂಡಲೇ, ಸಾಮಾನ್ಯವಾಗಿ ಮರುದಿನವೇ, ಎಬ್ಬಿಸಿ ನಡೆಸಿ. ಪಾಪ ಮಲಗಿರಲಿ ಅಂತ ಬಿಟ್ಟರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಬ್ಯಾಗ್ ಮೂರನೇ ಒಂದು ಭಾಗ ತುಂಬುತ್ತಿದ್ದಂತೆ ಖಾಲಿ ಮಾಡಿ, ಜಾಸ್ತಿ ಭಾರವಾದರೆ ಕಿತ್ತುಕೊಂಡು ಬರುತ್ತದೆ. ಬ್ಯಾಗನ್ನು ಚರ್ಮಕ್ಕೆ ಅಂಟಿಸುವ ತಟ್ಟೆಯ ತೂತನ್ನು ಕರುಳಿನ ಬಾಯಿಗಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಿ. ಚರ್ಮಕ್ಕೆ ಬರೀ ನೀರು ಸಾಕು, ಚೆನ್ನಾಗಿ ಒಣಗಿಸಿ. ಉರಿಯುತ್ತದೆ ಅಂತ ಕೊಬ್ಬರಿ ಎಣ್ಣೆ ಹಚ್ಚಿದರೆ ಬ್ಯಾಗ್ ಅಂಟುವುದೇ ಇಲ್ಲ.

ಸಣ್ಣ ಕರುಳಿನ ಬ್ಯಾಗಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿಸಿದರೆ ಸಾಲದು, ಓಆರ್‌ಎಸ್ ಕೊಡಿ. ಮೆತ್ತನೆಯ ಅನ್ನ, ಗಂಜಿ, ಬಾಳೆಹಣ್ಣು ತಿಂದರೆ ಮಲ ಸ್ವಲ್ಪ ಗಟ್ಟಿಯಾಗುತ್ತದೆ. ಮೆಕ್ಕೆಜೋಳ, ಅಣಬೆ, ಕೊಬ್ಬರಿ ಚೂರು ಮೊದಲ ಆರು ವಾರ ಬೇಡ, ಸಿಕ್ಕಿಹಾಕಿಕೊಳ್ಳುತ್ತವೆ.

ಜ್ವರ, ಉಬ್ಬಿದ ಹೊಟ್ಟೆ, ಜೋರಾದ ಎದೆಬಡಿತ ಕಂಡರೆ ಕಾಯಬೇಡಿ, ಒಳಗಿನ ಹೊಲಿಗೆ ಸೋರುತ್ತಿರಬಹುದು. ಕರುಳಿನ ಬಾಯಿ ಕೆಂಪಗಿರಬೇಕು. ಕಪ್ಪಾದರೂ, ಬ್ಯಾಗಿಗೆ ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ಹೋಗಿ ಮೂತ್ರ ಕಡಿಮೆಯಾದರೂ ಆಸ್ಪತ್ರೆಗೆ ಓಡಿ.

ಕರುಳನ್ನು ಒಳಗೆ ಹಾಕಿ ಬ್ಯಾಗ್ ತೆಗೆದ ಮೇಲೆ ದಿನಕ್ಕೆ ಆರೇಳು ಸಲ, ಅದೂ ತಡೆಯಲಾಗದಂತೆ ಮಲ ಬರಬಹುದು. ತಿಂಗಳುಗಳು ಕಳೆದಂತೆ ಬಹಳ ಜನಕ್ಕೆ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಮದುವೆಗೋ ಊರಿಗೋ ಹೊರಟರೆ ಒಂದು ಪ್ಯಾಡ್, ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ.