ಗ್ರಂಥಸೂಚಿಯಲ್ಲಿ ವೆಬ್ ವಿಳಾಸ: ನಾನು ಮಾಡಿಕೊಂಡ ರೂಢಿ

ಪಿಎಚ್‌ಡಿ ಪ್ರಬಂಧ ಬರೆಯುವಾಗ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿದ್ದೆ. ಆನ್‌ಲೈನ್‌ನಲ್ಲಿ ಏನೇ ಓದಿದರೂ ಅದರ ವಿವರ ಅವತ್ತೇ ಬರೆದಿಡುತ್ತಿದ್ದೆ. ಪುಸ್ತಕವಾದರೆ ಯಾವಾಗ ತೆರೆದರೂ ಅದೇ ಪುಟದಲ್ಲಿ ಅದೇ ಸಾಲು ಇರುತ್ತದೆ. ವೆಬ್ ಪುಟಕ್ಕೆ ಆ ಗ್ಯಾರಂಟಿ ಇಲ್ಲ. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿವೆ ಎಂದು ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಹೇಳಿತು.

ಮೊದಲು ನೋಡುವುದು ಡಿಒಐ, ಅಂದರೆ ಲೇಖನಕ್ಕೆ ಕೊಟ್ಟ ಶಾಶ್ವತ ಗುರುತಿನ ಸಂಖ್ಯೆ, ಇದೆಯಾ ಅಂತ. ಇದ್ದರೆ ಬೇರೆ ವಿಳಾಸ ಬೇಡ. ಪ್ರಕಾಶಕರು ಜಾಲತಾಣ ಬದಲಿಸಿದಾಗ ಹೊಸ ವಿಳಾಸವನ್ನು ಅದೇ ಡಿಒಐಗೆ ಜೋಡಿಸುತ್ತಾರೆ, ಹಾಗಾಗಿ ಹಳೆಯ ಕೊಂಡಿಯಿಂದಲೂ ಲೇಖನ ಸಿಗುತ್ತದೆ. ಲೈಬ್ರರಿ ಲಾಗಿನ್ ಮೂಲಕ ಓದುವಾಗ ಮೇಲೆ ಕಾಣುವ ವಿಳಾಸವನ್ನು ಮಾತ್ರ ನಾನು ನಕಲು ಮಾಡುವುದಿಲ್ಲ. ಲಾಗಿನ್ ಇಲ್ಲದವರಿಗೆ ಅದು ತೆರೆಯುವುದೇ ಇಲ್ಲ.

ಡಿಒಐ ಇಲ್ಲದಿದ್ದರೆ ವಿಳಾಸದ ಬಾಲ ಕತ್ತರಿಸಬೇಕು. 'ಯುಟಿಎಂ' ಅಂತ ಶುರುವಾಗುವ ಭಾಗ ಇರುವುದು ನೀವು ಎಲ್ಲಿಂದ ಬಂದಿರಿ ಎಂಬ ಲೆಕ್ಕಕ್ಕೆ ಅಷ್ಟೇ. ಹಾಗಂತ ಪ್ರಶ್ನಾರ್ಥಕ ಚಿಹ್ನೆಯ ನಂತರದ್ದೆಲ್ಲ ಕಸವಲ್ಲ. ಕೆಲವು ತಾಣಗಳಲ್ಲಿ ಲೇಖನದ ಸಂಖ್ಯೆಯೇ ಅಲ್ಲಿರುತ್ತದೆ. ಕತ್ತರಿಸಿದ ವಿಳಾಸವನ್ನು ಪ್ರೈವೇಟ್ ವಿಂಡೋದಲ್ಲಿ ಒಮ್ಮೆ ತೆರೆದು ನೋಡುತ್ತೇನೆ.

ಕನ್ನಡ ಅಕ್ಷರಗಳಿರುವ ವಿಳಾಸದ ಕಥೆಯೇ ಬೇರೆ. ಬ್ರೌಸರ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಪೇಸ್ಟ್ ಮಾಡಿದರೆ ಶೇಕಡಾ ಚಿಹ್ನೆಗಳ ಉದ್ದ ಸರಪಳಿ ಬಂದು ಬೀಳುತ್ತದೆ. 'ಕನ್ನಡ' ಎಂಬ ಪದವನ್ನೇ ನೋಡಿ. ಕಂಪ್ಯೂಟರಿಗೆ ಅದು ಕ, ನ, ಹಲಂತ, ನ, ಡ ಎಂಬ ಐದು ಸಂಕೇತ. ಸರಪಳಿಯಲ್ಲಿ ಒಂದೊಂದಕ್ಕೂ ಶೇಕಡಾ ಚಿಹ್ನೆ, ಅಕ್ಷರ, ಅಂಕಿ ಎಲ್ಲ ಸೇರಿ ಒಂಬತ್ತು ಚಿಹ್ನೆ, ಒಟ್ಟು 45! ಶೀರ್ಷಿಕೆ ನಾಲ್ಕು ಪದದ್ದಾದರೆ ವಿಳಾಸವೇ ಮೂರು ಸಾಲು ನುಂಗುತ್ತದೆ. ನಾನು ಅಚ್ಚಿನ ಪ್ರತಿಯಲ್ಲಿ ಕನ್ನಡ ಅಕ್ಷರವನ್ನೇ ಉಳಿಸಿ, ಉದ್ದದ ರೂಪವನ್ನು ಪಿಡಿಎಫ್‌ನ ಕೊಂಡಿಯೊಳಗೆ ಇಡುತ್ತೇನೆ. ವಿಕಿಪೀಡಿಯ ಪುಟವಾದರೆ ಇತಿಹಾಸಕ್ಕೆ ಹೋಗಿ, ನಾನು ಓದಿದ ಆವೃತ್ತಿಯ ಸ್ಥಿರ ಕೊಂಡಿಯನ್ನೇ ಕೊಡುತ್ತೇನೆ. ನಾಳೆ ಯಾರಾದರೂ ಪುಟ ತಿದ್ದಿದರೂ ನಾನು ಓದಿದ್ದು ಓದುಗರಿಗೆ ಕಾಣಬೇಕು, ಅಲ್ವಾ?

ಉಳಿದ ಪುಟಗಳನ್ನು ವೇಬ್ಯಾಕ್ ಮಷೀನ್ ಎಂಬ, ವೆಬ್ ಪುಟಗಳ ಪ್ರತಿ ಕಾಪಿಡುವ ತಾಣದಲ್ಲಿ ಉಳಿಸುತ್ತೇನೆ. ಅಲ್ಲಿ ಸಿಗುವ ವಿಳಾಸದಲ್ಲಿ 14 ಅಂಕಿ ಇರುತ್ತವೆ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಎಲ್ಲ ಅದರಲ್ಲೇ. ಮೂಲ ವಿಳಾಸದ ಪಕ್ಕ ಇದನ್ನೂ ಬರೆಯುತ್ತೇನೆ.

ನೋಡಿದ ದಿನಾಂಕ ಬೇಕಾ ಬೇಡವಾ ಅನ್ನುವುದು ಎಪಿಎ, ಎಂಎಲ್‌ಎಯಂಥ ಉಲ್ಲೇಖ ಶೈಲಿಗಳಿಗೆ ಬಿಟ್ಟದ್ದು. ಎಪಿಎ 7ನೇ ಆವೃತ್ತಿ ಬದಲಾಗುತ್ತಲೇ ಇರುವ ಪುಟಗಳಿಗೆ ಮಾತ್ರ ಕೇಳುತ್ತದೆ. ಎಂಎಲ್‌ಎಯಲ್ಲಿ ಅದು ಕಡ್ಡಾಯವಲ್ಲ. ಟಿಪ್ಪಣಿಯಲ್ಲಂತೂ ನಾನು ಯಾವಾಗಲೂ ಬರೆದಿಡುತ್ತೇನೆ, ಬೇಡವಾದರೆ ಅಳಿಸುವುದು ಸುಲಭ. ವಿಳಾಸದ ಕೊನೆಗೆ ಎಪಿಎ ಪೂರ್ಣವಿರಾಮ ಹಾಕುವುದಿಲ್ಲ, ಎಂಎಲ್‌ಎ ಹಾಕುತ್ತದೆ. ಎರಡರಲ್ಲೂ ಒಂದು ಮಾತು ಸಮಾನ: ವಿಳಾಸ ಸಾಲಿನ ತುದಿಯಲ್ಲಿ ಮುರಿದರೆ ಹೈಫನ್ ಸೇರಿಸಬಾರದು. ಓದುಗರು ಅದನ್ನೂ ವಿಳಾಸದ ಭಾಗ ಅಂದುಕೊಂಡು ಟೈಪ್ ಮಾಡುತ್ತಾರೆ.