ಕಾಮಿನಿ ಗಿಡಕ್ಕೆ ಹೂ ತರಿಸಿದ್ದು ಹೀಗೆ

ಕಾಮಿನಿ ಬೇಲಿ ಹಾಕಿದ್ದೇವೆ, ಬರೀ ಎಲೆ, ಹೂವೇ ಇಲ್ಲ ಅನ್ನುವವರು ನಮ್ಮ ಚಿಂತಾಮಣಿಯಲ್ಲೇ ಸುಮಾರು ಜನ ಸಿಗುತ್ತಾರೆ. ಅದಕ್ಕೆ ಕಾರಣ ಹೆಚ್ಚಾಗಿ ಕತ್ತರಿ. ಕಾಮಿನಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಮಾಲಿ ಆಗಾಗ ಬಂದು ಮೇಲೆಲ್ಲ ಸಮ ಮಾಡಿ ಹೋದರೆ ಮೊಗ್ಗು ಕಟ್ಟುವ ತುದಿ ಎಲ್ಲಿ ಉಳಿಯುತ್ತೆ, ಹೇಳಿ?

ನಾನು ಹೂ ಮುಗಿದ ಮೇಲೆ ಒಂದೇ ಸಲ ತುದಿಗಳನ್ನು ಸ್ವಲ್ಪ ಸವರಿ ಬಿಟ್ಟುಬಿಡುತ್ತೇನೆ. ಬೇಸಿಗೆಯಲ್ಲಿ ನೀರು ಕಮ್ಮಿ ಮಾಡಿ, ಎಲೆ ಸ್ವಲ್ಪ ಜೋತು ಬೀಳುವ ತನಕ ಕಾಯುತ್ತೇನೆ. (ಕುಂಡದ ಗಿಡಕ್ಕೆ ಈ ಧೈರ್ಯ ಬೇಡ, ನೆಲದಲ್ಲಿ ಬೇರೂರಿದ್ದಕ್ಕೆ ಮಾತ್ರ.) ಆಮೇಲೆ ಬುಡ ತುಂಬಾ ನೀರು. ಅಷ್ಟರಲ್ಲಿ ಒಂದು ಒಳ್ಳೆ ಮಳೆ ಬಿದ್ದರಂತೂ ಇನ್ನೂ ಚೆನ್ನ. ಕೆಲವು ವಾರದಲ್ಲಿ ತುದಿ ತುದಿಗೂ ಮೊಗ್ಗಿನ ಗೊಂಚಲು, ಅರಳಿದ ಮೇಲೆ ಐದು ಬಿಳಿ ಎಸಳು ಹಿಂದಕ್ಕೆ ಬಾಗುತ್ತವೆ, ರಾತ್ರಿಯಾದರೆ ಘಮ ಎಷ್ಟು ಜೋರು ಅಂದರೆ ಪಕ್ಕದ ಮನೆಯವರು "ಏನ್ರೀ ಅದು, ಮಲ್ಲಿಗೆನಾ?" ಅಂತ ಕೇಳುತ್ತಾರೆ. ಹೂ ಬಾಳಿಕೆ ಕಮ್ಮಿ. ಬೇಗ ಉದುರಿ ಅಂಗಳ ಗುಡಿಸುವ ಕೆಲಸ ಹಚ್ಚುತ್ತೆ.

ನಮ್ಮ ಬೋರ್‌ವೆಲ್ ನೀರು ಗಡಸು, ಅಂಥ ನೀರು ಹಾಕಿದ ಮಣ್ಣಲ್ಲಿ ಗಿಡಕ್ಕೆ ಕಬ್ಬಿಣ ಸರಿಯಾಗಿ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ, ಸುಮ್ನೆ ಯೂರಿಯಾ ಸುರಿಯಬೇಡಿ. ನಾನು ಚಿಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ್ದು) ಎಲೆಗೆ ಸಿಂಪಡಿಸಿ, ಬುಡಕ್ಕೆ ಹಳೇ ಕೊಟ್ಟಿಗೆ ಗೊಬ್ಬರ ಹಾಕುತ್ತೇನೆ. ಹಿಡಿದಿಟ್ಟ ಮಳೆನೀರು ಇದ್ದರೆ ಮೊದಲು ಇದಕ್ಕೇ.

ಹೊಸ ಗಿಡ ಬೇಕಾದರೆ ಬೀಜವೇ ಸುಲಭ, ಕಡ್ಡಿ ಬೇರು ಬಿಡುವುದು ನಿಧಾನ. ಕೆಂಪಗೆ ಹಣ್ಣಾದದ್ದನ್ನು ಹಿಸುಕಿ, ತಿರುಳು ತೊಳೆದು ಆಗಲೇ ಬಿತ್ತಬೇಕು. ಒಣಗಿಸಿಟ್ಟ ಬೀಜವನ್ನು ನಂಬಬೇಡಿ.

ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಚುಕ್ಕಿ ಕಾಣುತ್ತವೆ, ಎಣ್ಣೆ ಇರುವುದು ಅದರಲ್ಲೇ. ನಿಂಬೆ, ಬಿಲ್ವ, ಕರಿಬೇವಿನ ಎಲೆಯಲ್ಲೂ ಹೀಗೇ, ಎಲ್ಲ ಒಂದೇ ಕುಟುಂಬ. ಅದಕ್ಕೇ ನಿಂಬೆ ಜಾತಿಗೆ ಗ್ರೀನಿಂಗ್ ರೋಗ (ಎಲೆ ಹಳದಿಯಾಗಿ ಗಿಡ ಸೊರಗುವ ರೋಗ) ಹರಡುವ ಸಿಲ್ಲಾ ಅನ್ನುವ ಪುಟ್ಟ ರಸ ಹೀರುವ ಕೀಟ ಕಾಮಿನಿ ಚಿಗುರಿನ ಮೇಲೂ ಮೊಟ್ಟೆ ಇಡುತ್ತೆ. ಭಾವ ನಿಂಬೆ ತೋಟಕ್ಕೆ ಕಾಮಿನಿ ಬೇಲಿ ಹಾಕುತ್ತೇನೆ ಅಂದಾಗ ಬೇಡ ಅಂದೆ. ಮನೆ ಮುಂದೆ ಹಾಕಿಕೊಳ್ಳಿ, ತೋಟಕ್ಕೆ ಬೇರೆ ಏನಾದರೂ ನೋಡಿ ಅಂತ.